ಎರಡು ಸೈಕಲ್ಲಿನ ಹಿಂಭಾರ

ಅಕ್ಕನ ಮಾವನವರ ಕಾರನ್ನು ನೆನೆಸಿಕೊಂಡರೆ ನಾನು ಈಗಲೂ ಮೂಗಿಗೆ ಸೆರಗು ಹಿಡಿಯುತ್ತೇನೆ. ಪೆಟ್ರೋಲು, ಹರಳೆಣ್ಣೆ, ಬಿಸಿಲಿಗೆ ಕಾದ ತೊಗಲು, ಕಿಟಕಿಯ ಅಂಚಿನಲ್ಲಿ ಒಣಗಿದ ಎಲೆಅಡಿಕೆಯ ಉಗುಳು ಇವೆಲ್ಲ ಸೇರಿದ ಒಂದು ವಾಸನೆ ಅದಕ್ಕಿತ್ತು. ಆ ವಾಸನೆಯನ್ನಾದರೂ ಸಹಿಸಿಕೊಳ್ಳಬಹುದಿತ್ತು. ಅದರ ಸುತ್ತ ನಿಂತು ತಲೆದೂಗುತ್ತಿದ್ದ ಗಂಡಸರನ್ನು ಮಾತ್ರ ನನ್ನಿಂದ ಸಹಿಸಲು ಆಗುತ್ತಿರಲಿಲ್ಲ.

ನಮ್ಮದು ಮದ್ದೂರು ತಾಲ್ಲೂಕು, ಆತಗೂರಿನ ಕಡೆಯ ಹಳ್ಳಿ. ಅಕ್ಕನನ್ನು ಕೊಟ್ಟದ್ದು ಮಳವಳ್ಳಿಗೆ ಸೇರಿದ ಒಂದು ಊರಿಗೆ. ಅವಳ ಮಾವ ಆ ಊರಿಗೆಲ್ಲ ದೊಡ್ಡ ಹಿಡುವಳಿದಾರರು. ಅತ್ತೆ ತೀರಿಕೊಂಡಿದ್ದರು, ಒಬ್ಬನೇ ಮಗ. ಆ ಮಗನೇ ನನ್ನ ಭಾವ, ಅಪ್ಪನ ಎದುರು ಕೆಮ್ಮು ಬಂದರೂ ಆಚೆ ಹೋಗಿ ಕೆಮ್ಮಿ ಬರುವ ಮನುಷ್ಯ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಮಾವನವರು ಮೈಸೂರಿನ ಯಾರೋ ಅಧಿಕಾರಿ ಬಳಸಿ ಬಿಟ್ಟ ಕಾರೊಂದನ್ನು ತಂದರು. ಬಟ್ಟೆಯ ಚಾವಣಿ, ಅಗಲವಾದ ಹಿಂದಿನ ಸೀಟು, ಹಿಂದಿನ ಚಕ್ರಗಳ ಮೇಲೆ ಕುಲುಕಾಟ ತಡೆಯಬೇಕಾದ, ಆದರೆ ಮುಪ್ಪಾಗಿ ಸೋತುಹೋದ ಉಕ್ಕಿನ ಕಮಾನುಪಟ್ಟಿಗಳು. ಆಮೇಲೆ ಪೆಟ್ರೋಲನ್ನು ಚೀಟಿಯ ಮೇಲೆ ಅಳೆದು ಕೊಡುವ ಕಾಲ ಬಂತು. ಕಾರು ಕೊಟ್ಟಿಗೆಯಿಂದ ಹೊರಗೆ ಬರುವುದೇ ಅಪರೂಪವಾಯಿತು. ಹಾಗಾಗಿ ಅದು ಹೊರಟ ದಿನ ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿತ್ತು.

ಮುಪ್ಪಿನ ಕಾರು ದಾರಿಯಲ್ಲಿ ಕೈ ಕೊಡುವುದು ಸಹಜ. ಅದಕ್ಕೆ ಮಾವನವರು ಕಂಡುಕೊಂಡ ಉಪಾಯ ಸೈಕಲ್ಲು. ಕಾರು ನಿಂತರೆ ಡ್ರೈವರು ಒಂದು ಸೈಕಲ್ ಹತ್ತಿ ರಿಪೇರಿಯವನನ್ನು ಕರೆತರಬೇಕು, ಭಾವ ಇನ್ನೊಂದನ್ನು ಹತ್ತಿ ಹೋಗಬೇಕಾದ ಮನೆಗೆ ಸುದ್ದಿ ಮುಟ್ಟಿಸಬೇಕು. ಚಾವಣಿ ಬಟ್ಟೆಯದಾದ್ದರಿಂದ ಮೇಲೆ ಹೇರುವ ಹಾಗಿರಲಿಲ್ಲ. ಊರಿನ ಬಡಗಿಯ ಕೈಲಿ ಕಾರಿನ ಹಿಂದಕ್ಕೆ ಎರಡು ದಪ್ಪ ತೋಳು ಮಾಡಿಸಿ, ಅವುಗಳ ಮೇಲೆ ಎರಡು ಕಬ್ಬಿಣದ ಸೈಕಲ್ಲುಗಳನ್ನು ತೆಂಗಿನ ಹಗ್ಗದಲ್ಲಿ ಬಿಗಿಸಿದರು. ಆ ಭಾರವೆಲ್ಲ ಹಿಂದಿನ ಅಚ್ಚಿನಿಂದ ಆಚೆಗೆ ಜೋತುಬಿದ್ದು, ಕಾರಿನ ಮೂತಿ ಆಕಾಶ ನೋಡುತ್ತಿತ್ತು. ಹಳ್ಳ ಸಿಕ್ಕಿದಾಗಲೆಲ್ಲ ಹಿಂಭಾಗ ದಡಾರನೆ ತಳಕ್ಕೆ ಬಡಿಯುತ್ತಿತ್ತು, ಟೈರು ಮಡ್ಗಾರ್ಡಿಗೆ ಉಜ್ಜಿ ಸುಟ್ಟ ವಾಸನೆ ಬರುತ್ತಿತ್ತು. ಕಾರು ಕೈ ಕೊಟ್ಟರೆ ಬೇಕಾಗುತ್ತದೆಂದು ಸೈಕಲ್ಲು. ಸೈಕಲ್ಲು ಹೊತ್ತದ್ದರಿಂದಲೇ ಕಾರು ಕೈ ಕೊಡುತ್ತಿತ್ತು. ಇದು ಆ ಮನೆಯಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲವೆಂದರೆ ಏನು ಹೇಳುವುದು!

ಹೊಳೆಯದೆ ಇರುವಷ್ಟು ದಡ್ಡರೂ ಅವರಲ್ಲ, ನನಗೆ ಮೈ ಉರಿಯುವುದು ಅದಕ್ಕೇ. ಕಬ್ಬು ಹೇರುವಾಗ ಅವರನ್ನು ನೋಡಬೇಕು. ಗಾಡಿಗೆ ಮುಂಭಾರ ಆದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರ ಆದರೆ ನೊಗ ಕಟ್ಟುವ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆಗೆ ಹಗ್ಗ ಬಿಗಿಯುತ್ತದೆ. ಒಂದು ಜಲ್ಲೆ ಹಿಂದೆ ಹೆಚ್ಚಾಯಿತು ಅನ್ನಿಸಿದರೂ ಮಾವನವರು ಜಗಲಿಯಿಂದಲೇ ಕೂಗಿ ಇಳಿಸಿ ಮುಂದಕ್ಕೆ ಹಾಕಿಸುತ್ತಿದ್ದರು. ಎತ್ತಿನ ಕುತ್ತಿಗೆಯ ವಿಷಯದಲ್ಲಿ ಅಷ್ಟು ಸೂಕ್ಷ್ಮ. ಅದೇ ಮನುಷ್ಯ ಕಾರಿನಲ್ಲಿ ತಮ್ಮ ಭಾರೀ ದೇಹವನ್ನು ಹಿಂದಿನ ಸೀಟಿನ ಮಧ್ಯಕ್ಕೆ ತುಂಬಿಕೊಂಡು ಕೂರುತ್ತಿದ್ದರು. ಮುಂದಿನ ಸೀಟು ಡ್ರೈವರಿನ ಪಕ್ಕದ್ದು, ಆಳಿನ ಪಕ್ಕದ್ದು. ಯಜಮಾನ ಅಲ್ಲಿ ಕೂರುವುದುಂಟೆ?

ಇನ್ನು ಸೊಸೆ ಎಲ್ಲಿ ಕೂರಬೇಕು? ಮಾವನ ಸಮಕ್ಕೆ ಒಂದೇ ಸೀಟಿನಲ್ಲಿ ಕೂರುವ ಹಾಗಿಲ್ಲ, ಡ್ರೈವರಿನ ಪಕ್ಕದಲ್ಲಂತೂ ಕೂರುವ ಹಾಗೇ ಇಲ್ಲ. ಆದ್ದರಿಂದ ಅಕ್ಕನಿಗೆ ಎರಡು ಸೀಟುಗಳ ನಡುವಿನ ನೆಲದ ಮೇಲೆ ಕಂಬಳಿ ಮಡಿಸಿ ಹಾಸುತ್ತಿದ್ದರು. ಅವಳು ಅಲ್ಲಿ, ಮಾವನ ಚಪ್ಪಲಿಯ ಮುಂದೆ, ಮೊಣಕಾಲು ಮಡಿಚಿಕೊಂಡು ಕೂರುತ್ತಿದ್ದಳು. ಕಾರಿನಲ್ಲಿ ಓಡಾಡುವ ಸೊಸೆ ಎಂದು ನಮ್ಮೂರಿನ ಹೆಂಗಸರು ಹೊಟ್ಟೆಕಿಚ್ಚು ಪಡುತ್ತಿದ್ದರು. ಥೂ!

ಅಕ್ಕನ ಮೊದಲ ಬಸುರು ಹೋದದ್ದು ಆ ನೆಲದ ಮೇಲೆ. ಮಂಡ್ಯದಲ್ಲಿ ಯಾವುದೋ ಮದುವೆ, ಸೈಕಲ್ಲು ಸಮೇತ ಹೋಗಿದ್ದರು. ವಾಪಸು ಬರುವಾಗ ಒಂದು ಮೋರಿಯ ಹತ್ತಿರ ಕಾರಿನ ಹಿಂಭಾಗ ಎಂಥ ಪೆಟ್ಟು ತಿಂದಿತೆಂದರೆ ಸೈಕಲ್ಲಿನ ಗಂಟೆಗಳು ತಾವಾಗಿಯೇ ಹೊಡೆದುಕೊಂಡವಂತೆ. ಅಕ್ಕ ಹೊಟ್ಟೆ ಹಿಡಿದುಕೊಂಡಳು. ಮನೆಗೆ ಬರುವಷ್ಟರಲ್ಲಿ ಸೀರೆ ಒದ್ದೆಯಾಗಿತ್ತು. ಮಂಡ್ಯದ ಆಸ್ಪತ್ರೆಯ ಡಾಕ್ಟರಮ್ಮ, ಇನ್ನೊಂದು ಸಲ ಬಸುರಾದರೆ ಕುಲುಕಾಟವೇ ಕೂಡದು, ಈ ಸಲದ ಹಾಗಾದರೆ ಮುಂದಕ್ಕೆ ಮಗುವಿನ ಆಸೆ ಬಿಡಬೇಕು ಎಂದು ಭಾವನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದರು.

ಮನೆಯಲ್ಲಿ ಗಂಡಸರು ಕೂತು ಚರ್ಚೆ ಮಾಡಿದರು. ತಪ್ಪು ಎಲ್ಲಿ ಆಯಿತು ಎಂದು ಕೊನೆಗೆ ಪತ್ತೆ ಹಚ್ಚಿದರು. ಕಾರಿನ ಹಿಂಭಾಗ ತಗ್ಗಿದ್ದೇ ತಪ್ಪು!

ಮರು ವರ್ಷ ಅಕ್ಕ ಮತ್ತೆ ಬಸುರಿಯಾದಳು. ಏಳನೇ ತಿಂಗಳಲ್ಲಿ ಬಳೆ ತೊಡಿಸಿ ತವರಿಗೆ ಕಳಿಸುವುದೆಂದು ನಿಶ್ಚಯವಾಯಿತು. ಅವಳನ್ನು ಕರೆತರಲು ನಮ್ಮ ಮನೆಯಿಂದ ನಾನು ಹೋದೆ. ಆಗ ನನಗೆ ಮದುವೆಯಾಗಿ ಒಂದು ಮಗುವಿತ್ತು, ಅದನ್ನು ಅವ್ವನ ಹತ್ತಿರ ಬಿಟ್ಟು ಬಂದಿದ್ದೆ. ಬಸುರು ಅಂದರೇನು, ಸೊಂಟ ಅಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಅವರ ಅಂಗಳಕ್ಕೆ ಕಾಲಿಟ್ಟಾಗ ಅಲ್ಲೊಂದು ಜಾತ್ರೆಯೇ ನೆರೆದಿತ್ತು. ಕಾರಿನ ಹಿಂದೆ ಸೈಕಲ್ಲುಗಳು ಆಗಲೇ ಏರಿ ಕೂತಿದ್ದವು. ಊರಿನ ಗಂಡಸರು ಸರದಿಯಲ್ಲಿ ಹಿಂದಿನ ಕಂಬಿಯ ಮೇಲೆ ಹತ್ತಿ ಕುಣಿಯುತ್ತಿದ್ದರು, ಮಾವನವರು ಬಗ್ಗಿ ಮಡ್ಗಾರ್ಡಿಗೂ ನೆಲಕ್ಕೂ ನಡುವೆ ಗೇಣು ಹಾಕಿ ಅಳೆಯುತ್ತಿದ್ದರು.

"ಅತ್ಲಾ, ಇನ್ನೊಬ್ಬ ಅತ್ಲಾ! ನೋಡು, ಒಂದು ಬೆರಳೂ ತಗ್ಗನಿಲ್ಲ!" ಎಂದು ಅವರು ಕೂಗಿದರು. ಕೂಗಿದ ಮೇಲೆ ನನ್ನ ಕಡೆ ತಿರುಗಿ ಮುಖವೆಲ್ಲ ಅರಳಿಸಿಕೊಂಡು, "ಬಾ ಕಣಮ್ಮ. ನೋಡ್ದಾ? ನಿಮ್ಮಕ್ಕ ಬಸ್ರಿ ಅಂತಾನೇ ಇದ್ನ ಮಾಡ್ಸಿವ್ನಿ" ಎಂದರು.

ಬಗ್ಗಿ ನೋಡಿದೆ. ಅಚ್ಚಿಗೂ ಕಾರಿನ ಅಡಿಗೂ ನಡುವೆ, ಎರಡು ಪಕ್ಕದಲ್ಲೂ, ಜಾಲಿ ಮರದ ಕೊರಡು ಹೊಡೆದು ಕೂರಿಸಿದ್ದರು. ಕದಲದಿರಲೆಂದು ಕಮಾನುಪಟ್ಟಿಗೆ ಹರಳೆಣ್ಣೆಯಲ್ಲಿ ನೆನೆಸಿದ ಹಗ್ಗ ಸುತ್ತಿ, ಕೊರಡನ್ನೂ ಸೇರಿಸಿ ಬಿಗಿದಿದ್ದರು. ಕಮಾನಿಗೆ ಕೆಲಸವೇ ಉಳಿದಿರಲಿಲ್ಲ. ಚಕ್ರ ಕಲ್ಲಿನ ಮೇಲೆ ಹತ್ತಿದರೆ ಆ ಕಲ್ಲು ನೇರವಾಗಿ ಒಳಗೆ ಕೂತವರ ಬೆನ್ನುಮೂಳೆಗೆ ಬರಬೇಕು, ಅಂಥ ವ್ಯವಸ್ಥೆ. ಹಿಂಭಾಗ ತಗ್ಗುವುದಿಲ್ಲ, ನಿಜ. ಅರೆಯುವ ಕಲ್ಲೂ ತಗ್ಗುವುದಿಲ್ಲ.

ನಾನು ಸುಮ್ಮನಿರುವವಳಲ್ಲ. "ಮಾವ, ಇದು ಕುಲುಕ್ತದಲ್ವಾ? ಆ ಸೈಕಲ್ ಎರಡನ್ನೂ ಇಳ್ಸಿ, ನೀವು ಮುಂದೆ ಕೂತ್ಕಂಡ್ರೆ ಸಾಕು. ಕೊರಡೂ ಬ್ಯಾಡ, ಏನೂ ಬ್ಯಾಡ. ಅಕ್ಕ ಸೀಟಿನ ಮ್ಯಾಲೆ ಒರಗಿಕೊಂಡು ಬತ್ತಾಳೆ" ಎಂದೆ.

ಕಂಬಿಯ ಮೇಲಿದ್ದವರು ಕೆಳಗಿಳಿದರು. ಮಾವನವರು ನಗಲು ನೋಡಿದರು, ನಗು ಬರಲಿಲ್ಲ.

"ನಾನು ಡ್ರೈವರ್ ಮಗ್ಗುಲಲ್ಲಿ ಕುಂತ್ಕಂಡು ಮದ್ದೂರು ಪ್ಯಾಟೆ ಮ್ಯಾಲೆ ಓಗ್ಲಾ? ಸೊಸೆ ಇಂದೆ ಮಹಾರಾಣಿ ಅಂಗೆ ಕುಂತಿರ್ಲಾ? ನೋಡ್ದೋರು ಉಗೀತಾರೆ ಕಣಮ್ಮ."

"ದಾರೀಲಿ ಕಾರು ನಿಂತ್ರೆ ಸೈಕಲ್ಲಿಲ್ದೆ ಏನ್ ಮಾಡೀರಿ ತಾಯಿ?" ಎಂದು ಡ್ರೈವರು ಯಜಮಾನರ ಮುಖ ನೋಡುತ್ತ ಬಾಲ ಸೇರಿಸಿದ. ಭಾವ ಸೈಕಲ್ಲಿನ ಗಂಟೆಯನ್ನು ಪಂಚೆಯ ಚುಂಗಿನಿಂದ ಒರೆಸುತ್ತ ನಿಂತಿದ್ದರು. ಡಾಕ್ಟರಮ್ಮ ಮುಖಕ್ಕೆ ಹೇಳಿದ್ದು ಇದೇ ಮನುಷ್ಯನಿಗೆ. ಆ ಗಂಟೆ ಅದಕ್ಕಿಂತ ಹೊಳೆಯಲು ಸಾಧ್ಯವೇ ಇರಲಿಲ್ಲ, ಆದರೂ ಒರೆಸುತ್ತಲೇ ಇದ್ದರು.

ಅಕ್ಕ ಒಳಗಿನಿಂದ ಬಂದಳು. ಕೈತುಂಬ ಹಸಿರು ಬಳೆ, ಮಡಿಲಲ್ಲಿ ಅಕ್ಕಿ ಕೊಬ್ಬರಿ. ಯಾರ ಮುಖವನ್ನೂ ನೋಡದೆ ಹೋಗಿ ಕಂಬಳಿಯ ಮೇಲೆ ಕೂತಳು. ನಾನೂ ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತೆ. ಅತಿಥಿ ನೀನು, ಸೀಟಿನ ಅಂಚಿಗೆ ಕೂರಬಹುದು ಎಂದು ಮಾವನವರು ದೊಡ್ಡ ಮನಸ್ಸು ಮಾಡಿದರು. ನಾನು ಕೇಳಿಸಿಕೊಳ್ಳದವಳ ಹಾಗೆ ಇದ್ದುಬಿಟ್ಟೆ. ಭಾವ ಮುಂದೆ ಡ್ರೈವರಿನ ಪಕ್ಕ ಹತ್ತಿದರು.

ಮಳವಳ್ಳಿ ದಾಟುವವರೆಗೆ ರಸ್ತೆ ಸುಮಾರಾಗಿತ್ತು. ಅಲ್ಲಿಂದಾಚೆಗೆ ಕಬ್ಬಿನ ಗಾಡಿಗಳ ಚಕ್ರ ಕೊರೆದ ಚರಂಡಿಗಳೇ ರಸ್ತೆ. ಒಂದೊಂದು ಕಲ್ಲಿಗೂ ಕಾರು ಪುಟಿದು ಪುಟಿದು ಬೀಳುತ್ತಿತ್ತು. ಹಳ್ಳ ಬಂದಾಗ ಹಿಂಭಾಗವೆಲ್ಲ ಇಡಿಯಾಗಿ ಎದ್ದು ಇಡಿಯಾಗಿ ಕೆಳಗೆ ಕುಕ್ಕುತ್ತಿತ್ತು. ನನ್ನ ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಅಕ್ಕ ಒಂದು ಕೈಯಲ್ಲಿ ಮುಂದಿನ ಸೀಟಿನ ಕಾಲು ಹಿಡಿದು, ಇನ್ನೊಂದು ಕೈಯನ್ನು ನೆಲಕ್ಕೆ ಊರಿ, ಸೊಂಟವನ್ನು ಕಂಬಳಿಯಿಂದ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದುಕೊಂಡಿದ್ದಳು. ಕಮಾನು ಮಾಡಬೇಕಾದ ಕೆಲಸವನ್ನು ಅವಳ ತೋಳು ಮಾಡುತ್ತಿತ್ತು. ತೋಳು ನಡುಗುತ್ತಿದ್ದುದನ್ನು ನೋಡಿ ನಾನು ನನ್ನ ತೊಡೆಯನ್ನು ಅವಳ ಕೆಳಗೆ ಕೊಟ್ಟೆ.

ಮೇಲೆ ಸೀಟಿನಲ್ಲಿ ಮಾವನವರು ಆಗಾಗ ಹೊರಕ್ಕೆ ಬಗ್ಗಿ ಹಿಂದಿನ ಮಡ್ಗಾರ್ಡನ್ನು ನೋಡುತ್ತಿದ್ದರು. "ಉಜ್ತಾ ಇಲ್ಲ ಕಣ್ಲಾ! ಒಸಿನೂ ಉಜ್ತಾ ಇಲ್ಲ!" ಎಂದು ಡ್ರೈವರಿಗೆ ಹೇಳಿ ತೊಡೆ ತಟ್ಟಿಕೊಳ್ಳುತ್ತಿದ್ದರು. ಅವರಿಗೆ ಮೆತ್ತೆಯ ಸೀಟು. ಕೆಳಗೆ ಇಬ್ಬರು ಹೆಂಗಸರು ಮೂಟೆಯ ಹಾಗೆ ಎಗರಿ ಬೀಳುತ್ತಿದ್ದುದು ಅವರ ಕಣ್ಣಿಗೆ ಕಾಣುತ್ತಿರಲಿಲ್ಲ ಎಂದಲ್ಲ. ಕಾಣುತ್ತಿತ್ತು. "ಗಟ್ಟಿಯಾಗಿ ಇಡ್ಕಳ್ರವ್ವ" ಎಂದು ಎರಡು ಸಲ ಕಾಳಜಿಯನ್ನೂ ತೋರಿಸಿದರು.

ಒಂದು ನಾಲೆಯ ಮೋರಿ ಬಂತು. ಹೋದ ವರ್ಷದ್ದಲ್ಲ, ಆದರೆ ಅಂಥದ್ದೇ. ಕಾರು ಅದರ ಮೇಲೆ ಹತ್ತಿ ಕುಕ್ಕಿದ ರಭಸಕ್ಕೆ ಹಿಂದೆ ಎರಡು ಗಂಟೆಗಳೂ ಟಿಣ್ ಎಂದು ಹೊಡೆದುಕೊಂಡವು. ಅಕ್ಕನ ಮೈ ಸೆಟೆದು ನಿಂತಿತು. ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡಳು. ಒಳಗೆ ಒದೆಯುತ್ತದೆಯೇ ಎಂದು ಕಾಯುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಒದ್ದಿರಬೇಕು. ಅವಳು ಕಣ್ಣು ಬಿಟ್ಟು, ಕೈ ಚಾಚಿ, ಮುಂದೆ ಕೂತಿದ್ದ ಡ್ರೈವರಿನ ಬೆನ್ನಿಗೆ ಗುದ್ದಿದಳು.

"ನಿಲ್ಸು."

ಮದುವೆಯಾಗಿ ಬಂದಂದಿನಿಂದ ಮಾವನೆದುರು ಬಾಯಿ ತೆರೆಯದ ಹೆಣ್ಣು. ಡ್ರೈವರು ಗಾಬರಿಯಿಂದ ಬ್ರೇಕು ಒತ್ತಿದ.

"ಯಾಕವ್ವ? ಏನಾತು?" ಎಂದರು ಮಾವನವರು.

"ಕಾರು ತಗ್ಗಬಾರ್ದು ಅಂತ ತಾನೆ ಮಾವ? ನಾನಿಳೀತೀನಿ. ಅಗುರಾಯ್ತದೆ."

ನನ್ನ ಭುಜ ಹಿಡಿದು ಇಳಿದೇಬಿಟ್ಟಳು. ರಸ್ತೆಯ ಪಕ್ಕದ ಹೊಂಗೆಯ ಕೆಳಗೆ ಹೋಗಿ ಕಾಲು ಚಾಚಿ ಕೂತಳು. ಮಾವನವರು ಬೈದರು, ಗೋಗರೆದರು, ಮರ್ಯಾದೆಯ ಮಾತಾಡಿದರು. ಕೊರಡನ್ನು ಎಷ್ಟು ಕಷ್ಟಪಟ್ಟು ಹೊಡೆಸಿದೆನೆಂದು ವಿವರಿಸಿದರು. ಒಂದು ಸಲವಾದರೂ ಸೈಕಲ್ ಇಳಿಸುತ್ತೇನೆ, ನಾನು ಮುಂದೆ ಕೂರುತ್ತೇನೆ ಎಂಬ ಮಾತು ಆ ಬಾಯಿಂದ ಬರಲಿಲ್ಲ. ಅಕ್ಕ ಮರದ ಬುಡಕ್ಕೆ ಬೆನ್ನು ಒರಗಿಸಿದಳು.

ಮದ್ದೂರಿನ ಕಡೆಗೆ ಹುಲ್ಲು ಹೇರಿಕೊಂಡ ಗಾಡಿಯೊಂದು ನಿಧಾನವಾಗಿ ಬಂತು. ನಾನು ಅಡ್ಡ ನಿಂತು ಗಾಡಿಯವನನ್ನು ಕೇಳಿದೆ. ಅವನು ಅಕ್ಕನನ್ನು ನೋಡಿ, ಕಾರನ್ನು ನೋಡಿ, ಏನೂ ಕೇಳದೆ ಹುಲ್ಲನ್ನು ಕೆದರಿ ಜಾಗ ಮಾಡಿಕೊಟ್ಟ. ಭಾವನೂ ನಾನೂ ಸೇರಿ ಅವಳನ್ನು ಹತ್ತಿಸುತ್ತಿದ್ದೆವು. ಆಗ ರಸ್ತೆಯ ಮಧ್ಯೆ ನಿಂತಿದ್ದ ಮಾವನವರು ಅಭ್ಯಾಸಬಲದಿಂದ ಕೂಗಿದರು:

"ಒಸಿ ಮುಂದಕ್ ಕುಂತ್ಕಳವ್ವ, ಇಂಭಾರ ಆದಾತು! ಎತ್ತಿನ ಕುತ್ಗೆ ಇಡ್ಕತದೆ!"

ನಾನು ತಿರುಗಿ ಅವರ ಮುಖ ನೋಡಿದೆ. ನಾಚಿಕೆಯ ಸುಳಿವೂ ಇರಲಿಲ್ಲ. ತಾವು ಏನು ಹೇಳಿದೆವು ಎನ್ನುವುದೂ ಅವರಿಗೆ ತಿಳಿದಿರಲಿಲ್ಲ. ಆ ಕ್ಷಣ ನನಗೆ ಬಂದ ಅಸಹ್ಯ ಜೀವಮಾನದಲ್ಲಿ ಇನ್ನೊಬ್ಬರ ಮೇಲೆ ಬಂದಿಲ್ಲ.

ಅಕ್ಕ ಮುಂದಕ್ಕೆ ಸರಿದು ಕೂತಳು, ಎತ್ತುಗಳು ಪಾಪ ಎಂದು. ಗಾಡಿ ಹೊರಟಿತು. ನಾನು ಅವಳ ಪಕ್ಕ, ಭಾವ ಗಾಡಿಯ ಪಕ್ಕದಲ್ಲಿ ನಡಿಗೆ. ಕಾರು ನಮ್ಮನ್ನು ದಾಟಿ ಮುಂದೆ ಹೋಗಲಿಲ್ಲ. ಸೊಸೆಯನ್ನು ದಾರಿಯಲ್ಲಿ ಬಿಟ್ಟು ಬಂದರು ಎನ್ನುತ್ತಾರಲ್ಲ! ಹಾಗಾಗಿ ಮದ್ದೂರು ಪೇಟೆಯ ಜನ ಅವತ್ತು ಕಂಡದ್ದು ಇದು: ಮುಂದೆ ಹುಲ್ಲಿನ ಗಾಡಿಯಲ್ಲಿ ಒರಗಿದ ಬಸುರಿ ಹೆಂಗಸು, ಹಿಂದೆ ಎತ್ತಿನ ನಡಿಗೆಯಲ್ಲೇ ತೆವಳುವ ಕಾರು, ಅದರಲ್ಲಿ ಒಬ್ಬರೇ ಯಜಮಾನರು, ಅವರ ಬೆನ್ನಿಗೆ ಥಳಥಳ ಹೊಳೆಯುವ ಎರಡು ಸೈಕಲ್ಲು. ಕಾಫಿ ಹೋಟೆಲಿನ ಮುಂದೆ ನಿಂತಿದ್ದವರು ಬಾಯಿಗೆ ಟವೆಲು ಅಡ್ಡ ಹಿಡಿದು ನಗುತ್ತಿದ್ದರು. ಉಗಿಯುವವರು ಹೇಗೂ ಉಗಿದರು.

ಹೊತ್ತಿಗೆ ಸರಿಯಾಗಿ ಹೆಣ್ಣು ಮಗು ಹುಟ್ಟಿತು. ಕೆಂಪಗೆ, ದುಂಡಗೆ, ಮನೆ ಹಾರಿಹೋಗುವ ಹಾಗೆ ಅಳುವ ಮಗು. ತೊಟ್ಟಿಲ ಶಾಸ್ತ್ರಕ್ಕೆ ಮಾವನವರು ಅದೇ ಕಾರಿನಲ್ಲಿ ಬಂದರು. ನಮ್ಮ ಅಂಗಳದಲ್ಲಿ ಊರವರಿಗೆಲ್ಲ ಕೊರಡು ತೋರಿಸಿ, "ಅವತ್ತು ಅಷ್ಟು ದೂರ ಬಂದ್ರೂ ಒಂದು ಬೆರಳೂ ತಗ್ಗನಿಲ್ಲ ಕಣ್ರಪ್ಪ" ಎಂದು ಹೇಳಿಕೊಂಡರು. ಅದು ಸುಳ್ಳಲ್ಲ. ನಮ್ಮಪ್ಪ ಬೀಗರ ಮಾತಿಗೆ ಹೂಂಗುಟ್ಟಿದರು. ನಾನು ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ.

ಐದು ತಿಂಗಳು ತುಂಬಿದ ಮೇಲೆ ಬಾಣಂತಿಯನ್ನೂ ಮಗುವನ್ನೂ ಕರೆದೊಯ್ಯಲು ಮತ್ತೆ ಬಂದರು. ಮತ್ತೆ ಕಾರು, ಮತ್ತೆ ಸೈಕಲ್ಲು, ಮತ್ತೆ ಕೊರಡು. ಈ ಸಲ ಸೊಸೆಗೆಂದು ಹೊಸ ವಿಶೇಷವೊಂದಿತ್ತು. ನೆಲಕ್ಕೆ ಹಾಸಲು ಬೂರುಗದ ಹತ್ತಿಯ ಮೆತ್ತೆ ಹೊಲಿಸಿ ತಂದಿದ್ದರು! ಅದನ್ನು ತಟ್ಟಿ ತಟ್ಟಿ ತೋರಿಸಿದರು.

"ಮಗು ಎಲ್ ಕೂರ್ಲಿ ಮಾವ?" ಎಂದಳು ಅಕ್ಕ.

"ಅದ್ಯಾಕೆ ಕೆಳಗೆ ಕೂರ್ತದೆ? ನನ್ ಮೊಮ್ಮಗಳು. ನನ್ ತೊಡೆ ಮ್ಯಾಲೆ, ಸೀಟಿನ ಮ್ಯಾಲೆ ಬತ್ತದೆ."

ಅಕ್ಕ ತಲೆಯಾಡಿಸಿದಳು. ಕಾರಿನ ಬಾಗಿಲು ತೆಗೆದು ಆ ಮೆತ್ತೆಯನ್ನು ಎತ್ತಿ ಸೀಟಿನ ಮೇಲೆ ಹಾಕಿದಳು. ಅದರ ಮೇಲೆ ತಾನು ಕೂತಳು, ಮಾವನವರು ಕೂರುವ ಜಾಗದ ಪಕ್ಕದಲ್ಲೇ, ಸಮಕ್ಕೆ, ಮಗುವನ್ನು ತನ್ನ ತೊಡೆಯ ಮೇಲೆ ಮಲಗಿಸಿಕೊಂಡು. ಮಾವನವರ ಮುಖ ಕಪ್ಪಾಯಿತು.

"ಏನವ್ವ ಇದು? ಬೀಗರ ಮನೆ ಮುಂದೆ?"

"ಮೊದಲ್ನೇದನ್ನ ಕೆಳಗೆ ಕೂತು ಕಳ್ಕಂಡೆ ಮಾವ" ಎಂದಳು ಅಕ್ಕ. ದನಿ ಏರಿಸಲಿಲ್ಲ. "ಇದು ಮ್ಯಾಲೇ ಕೂತ್ಕಂಡು ಬತ್ತದೆ. ನಾನೂವೆ."

ಆ ಮೊದಲನೆಯದರ ಮಾತನ್ನು ಅಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ನಮ್ಮವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಾವನವರು ಭಾವನ ಕಡೆ ನೋಡಿದರು. ಭಾವ ಈ ಸಲ ಗಂಟೆ ಒರೆಸಲಿಲ್ಲ, ಹೋಗಿ ಹಿಂದೆ ಸೈಕಲ್ಲುಗಳ ಹಗ್ಗ ಬಿಚ್ಚತೊಡಗಿದರು.

ಸೊಸೆಯ ಸಮಕ್ಕೆ ಕೂರಲಾಗದೆ, ಡ್ರೈವರಿನ ಪಕ್ಕದಲ್ಲೂ ಕೂರಲಾಗದೆ, ಮಾವನವರು ನಮ್ಮಪ್ಪನ ಗಾಡಿ ಕಟ್ಟಿಸಿದರು. ಮದ್ದೂರಿಗೆ ಹೋಗಿ ಬಸ್ಸು ಹಿಡಿಯುತ್ತಾರಂತೆ. ತಮ್ಮ ಸೈಕಲ್ಲುಗಳು ತಮ್ಮ ಜೊತೆಗೇ ಬರಬೇಕೆಂದು ಹಟ ಮಾಡಿ ಎರಡನ್ನೂ ಗಾಡಿಯ ಹಿಂದಕ್ಕೆ ಹೇರಿಸಿದರು. ಹೇರಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಇಂಭಾರ ಆಯ್ತದೆ" ಎಂದು ಗೊಣಗಿಕೊಂಡರು. ಆಮೇಲೆ ಹೋಗಿ ಮುಂದೆ, ಮೂಕಿಯ ಹತ್ತಿರ, ಗಾಡಿ ಹೊಡೆಯುವ ನಮ್ಮ ಆಳಿನ ಪಕ್ಕದಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಕೂತರು. ಅವರಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ.

ಗಾಡಿ ತಿರುವು ದಾಟಿದ ಮೇಲೆ ಭಾವ ಕಾರಿನ ಅಡಿಗೆ ನುಗ್ಗಿ, ಹಗ್ಗ ಕೊಯ್ದು, ಸುತ್ತಿಗೆಯಿಂದ ಹೊಡೆದು ಎರಡು ಕೊರಡುಗಳನ್ನೂ ಹೊರಗೆ ಉರುಳಿಸಿದರು. ಅಕ್ಕನೂ ಮಗುವೂ ಒಳಗೇ ಕೂತಿದ್ದರು. ಕಾರು ಮೆಲ್ಲಗೆ ಒಂದು ಬೆರಳಷ್ಟು ತಗ್ಗಿತು. ಯಾರೂ ಅಳೆಯಲು ಹೋಗಲಿಲ್ಲ.